ಜ್ಯಾಕ್ ರಸೆಲ್ ಟೆರಿಯರ್: ಬೀದರ, ಭಾಲ್ಕಿ, ಔರಾದ ಭಾಗದಲ್ಲಿ ಸಣ್ಣ ಸಂಗಾತಿ ನಾಯಿಯ ಸಾಕಣೆ

ಪೀಠಿಕೆ

ಮನೆಯಲ್ಲಿ ಜಾಗ ಕಡಿಮೆ ಇದ್ದು, ಮಕ್ಕಳ ಒಡನಾಟಕ್ಕೊಂದು ನಾಯಿ ಬೇಕೆನ್ನುವ ಕುಟುಂಬಗಳು ಸಾಮಾನ್ಯವಾಗಿ ಸಣ್ಣ ಗಾತ್ರದ ತಳಿಗಳತ್ತ ಒಲವು ತೋರುತ್ತವೆ. ಇಂತಹ ತಳಿಗಳಲ್ಲಿ ಜ್ಯಾಕ್ ರಸೆಲ್ ಟೆರಿಯರ್ ಒಂದು. ನೋಡಲು ಚಿಕ್ಕದು, ಕೂದಲು ಗಿಡ್ಡ, ಆಹಾರ ಮಿತ, ಬುದ್ಧಿ ಚುರುಕು. ಆದರೆ ಮಡಿಲಲ್ಲಿ ಕುಳಿತಿರಲೆಂದು ಈ ತಳಿಯನ್ನು ರೂಪಿಸಿದ್ದಲ್ಲ. ಬಿಲದೊಳಗೆ ನುಗ್ಗಿ ಪ್ರಾಣಿಯನ್ನು ಹೊರಗೆಬ್ಬಿಸುವುದು ಇದರ ಮೂಲ ಕಸುಬು, ಆ ಗುಣ ಇಂದಿಗೂ ಇದರ ರಕ್ತದಲ್ಲಿದೆ.

ಬೀದರ ಜಿಲ್ಲೆಯಲ್ಲಿ ಈ ಗುಣಕ್ಕೆ ವಿಶೇಷ ಮಹತ್ವವಿದೆ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಎರೆ ಭೂಮಿಯ ಬಿರುಕುಗಳಲ್ಲಿ, ತೊಗರಿ, ಸೋಯಾ ಅವರೆ, ಕಡಲೆ, ಜೋಳ ತುಂಬಿದ ಕೋಣೆಗಳಲ್ಲಿ, ಬೀದರ ನಗರದ ಹಳೆಯ ಕಲ್ಲಿನ ಗೋಡೆಗಳ ಸಂದುಗಳಲ್ಲಿ ಇಲಿ, ಹೆಗ್ಗಣಗಳಿಗೆ ಕೊರತೆಯಿಲ್ಲ. ಇಲಿ ಇದ್ದಲ್ಲಿ ಇಲಿ ಪಾಷಾಣವೂ ಇರುತ್ತದೆ, ಹಾವೂ ಬರುತ್ತದೆ. ಇಲಿಯ ಬೆನ್ನು ಹತ್ತುವ ನಾಯಿ ಇವೆರಡನ್ನೂ ಎದುರಿಸಬೇಕಾಗುತ್ತದೆ. ಆದ್ದರಿಂದ ಈ ತಳಿಯನ್ನು ಸಾಕುವವರು ಊಟ, ಸ್ನಾನ, ಲಸಿಕೆಗಳ ಜೊತೆಗೆ ತಮ್ಮ ಮನೆ ಮತ್ತು ಹೊಲದ ಇಲಿ ನಿಯಂತ್ರಣ ಪದ್ಧತಿಯನ್ನೂ ಮರುಪರಿಶೀಲಿಸಬೇಕಾಗುತ್ತದೆ. ಈ ಲೇಖನದ ಮುಖ್ಯ ಆಶಯ ಇದೇ ಆಗಿದೆ.

ತಳಿಯ ಹಿನ್ನೆಲೆ

‘ಟೆರಿಯರ್’ ಎಂಬ ಹೆಸರು ಭೂಮಿ ಎಂಬ ಅರ್ಥದ ಲ್ಯಾಟಿನ್ ಪದ ‘ಟೆರ್ರಾ’ದಿಂದ ಬಂದಿದೆ. ನೆಲದೊಳಗಿನ ಬೇಟೆಯನ್ನು ಹಿಡಿಯುವ ನಾಯಿಗಳಿಗೆ ಈ ಹೆಸರು ಸಂದಿತು. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿ ಜಾನ್ ರಸೆಲ್ (1795–1883) ನರಿ ಬೇಟೆಯ ಹವ್ಯಾಸಿಯಾಗಿದ್ದರು. ಆಕ್ಸ್‌ಫರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1819ರಲ್ಲಿ ಅವರು ಹಾಲು ಮಾರುವವನೊಬ್ಬನಿಂದ ‘ಟ್ರಂಪ್’ ಎಂಬ ಬಿಳಿ ಬಣ್ಣದ ಹೆಣ್ಣು ಟೆರಿಯರನ್ನು ಕೊಂಡರು. ಆ ನಾಯಿಯನ್ನು ಆಧಾರವಾಗಿಟ್ಟುಕೊಂಡು ಬೆಳೆಸಿದ ವಂಶವೇ ಮುಂದೆ ಅವರ ಹೆಸರಿನಿಂದ ಪ್ರಸಿದ್ಧವಾಯಿತು. ನರಿಯನ್ನು ಕೊಲ್ಲದೆ ಬಿಲದಿಂದ ಹೊರಗೆ ಓಡಿಸುವುದು ಈ ನಾಯಿಗಳ ಕೆಲಸವಾಗಿತ್ತು. ಅದಕ್ಕಾಗಿ ಸಣ್ಣ ಎದೆ, ಧೈರ್ಯ ಮತ್ತು ಬಿಡದೆ ಬೊಗಳುವ ಸ್ವಭಾವಗಳನ್ನು ಆರಿಸಿ ತಳಿ ಬೆಳೆಸಲಾಯಿತು. ತಳಿಯ ಇಂದಿನ ರೂಪ ಆಸ್ಟ್ರೇಲಿಯಾದಲ್ಲಿ ಸ್ಥಿರಗೊಂಡಿತು. ಇಂಗ್ಲೆಂಡಿನ ಕೆನಲ್ ಕ್ಲಬ್ 2016ರಲ್ಲಿ ಇದಕ್ಕೆ ಮಾನ್ಯತೆ ನೀಡಿತು.

ದೇಹ ಲಕ್ಷಣ ಮತ್ತು ಸ್ವಭಾವ

• ಎತ್ತರ: ಭುಜದ ಬಳಿ 25ರಿಂದ 30 ಸೆಂ.ಮೀ.
• ತೂಕ: ಪ್ರತಿ 5 ಸೆಂ.ಮೀ. ಎತ್ತರಕ್ಕೆ ಸುಮಾರು 1 ಕಿ.ಗ್ರಾಂ., ಅಂದರೆ 5ರಿಂದ 6 ಕಿ.ಗ್ರಾಂ.
• ಬಣ್ಣ: ಬಿಳಿ ಬಣ್ಣ ಪ್ರಧಾನ. ಅದರ ಮೇಲೆ ಕಪ್ಪು ಅಥವಾ ಕಂದು ಮಚ್ಚೆಗಳು.
• ಕೂದಲು: ನುಣುಪು, ಒರಟು ಮತ್ತು ಇವೆರಡರ ನಡುವಿನ ಮಿಶ್ರ ಬಗೆ. ನಮ್ಮ ಹವಾಮಾನಕ್ಕೆ ನುಣುಪು ಕೂದಲಿನ ಬಗೆ ಅನುಕೂಲ.
• ಆಯುಷ್ಯ: ಉತ್ತಮ ಆರೈಕೆಯಲ್ಲಿ 13 ವರ್ಷ ಅಥವಾ ಅದಕ್ಕಿಂತ ಹೆಚ್ಚು.
• ಗರ್ಭಾವಧಿ: ಎಲ್ಲ ನಾಯಿಗಳಂತೆ ಸುಮಾರು 63 ದಿನ.

ಸ್ವಭಾವತಃ ಈ ನಾಯಿ ಮನೆಯವರೊಂದಿಗೆ ಅಕ್ಕರೆಯಿಂದ ಇರುತ್ತದೆ, ಅಪರಿಚಿತರು ಬಂದರೆ ಬೊಗಳಿ ಎಚ್ಚರಿಸುತ್ತದೆ. ಓಡುವುದು, ನೆಲ ಅಗೆಯುವುದು, ನೆಗೆಯುವುದು ಇದರ ಸಹಜ ಚಟುವಟಿಕೆಗಳು. ದಿನವೂ ಕನಿಷ್ಠ ಒಂದು ಗಂಟೆ ನಡಿಗೆ ಹಾಗೂ ಆಟ ಸಿಗದಿದ್ದರೆ ಪಾದರಕ್ಷೆ, ಹಾಸಿಗೆ ಕಚ್ಚುವುದು, ಅಂಗಳ ಅಗೆಯುವುದು, ಸತತವಾಗಿ ಬೊಗಳುವುದು ಆರಂಭವಾಗುತ್ತದೆ. ಇದು ನಾಯಿಯ ಕೆಟ್ಟ ಗುಣವಲ್ಲ, ಕೆಲಸವಿಲ್ಲದ ಬೇಟೆನಾಯಿಯ ಬೇಸರ.

ಯಾರಿಗೆ ಸೂಕ್ತ?

ಬೆಳಗ್ಗೆ ಮತ್ತು ಸಂಜೆ ಸಮಯ ಕೊಡಬಲ್ಲ, ಆರು-ಏಳು ವರ್ಷ ಮೀರಿದ ಮಕ್ಕಳಿರುವ, ಸುತ್ತುಗೋಡೆಯ ಅಂಗಳವಿರುವ ಕುಟುಂಬಕ್ಕೆ ಈ ತಳಿ ಒಳ್ಳೆಯ ಸಂಗಾತಿ. ಇಡೀ ದಿನ ಕಟ್ಟಿಹಾಕುವ ಮನೆಗೆ, ನಡೆಯಲಾಗದ ವೃದ್ಧರು ಮಾತ್ರ ಇರುವ ಮನೆಗೆ, ನಾಟಿ ಕೋಳಿಗಳನ್ನು ಬಿಡುಬೀಸಾಗಿ ಸಾಕುವ ಮನೆಗೆ ಇದು ಹೊಂದುವುದಿಲ್ಲ. ಓಡುವ ಕೋಳಿ, ಮೊಲ, ಬೆಕ್ಕು ಇದರ ಕಣ್ಣಿಗೆ ಬೇಟೆಯೇ.

ಹೊಲದ ಕಾವಲೇ ಮುಖ್ಯ ಉದ್ದೇಶವಾಗಿದ್ದರೆ 6 ಕಿ.ಗ್ರಾಂ. ತೂಕದ ನಾಯಿಯಿಂದ ಆ ಕೆಲಸವನ್ನು ನಿರೀಕ್ಷಿಸಬಾರದು. ಬಯಲಿನಲ್ಲಿ ಓಡಿ ಬೇಟೆಯಾಡುವ ನಮ್ಮ ನಾಡಿನ ತಳಿಯೆಂದರೆ ಮುಧೋಳ ನಾಯಿ. ಬೀದರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ, ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದ ದೇಶಿ ನಾಯಿ ತಳಿಗಳ ಅಂಚೆಚೀಟಿಗಳಲ್ಲಿ ಮುಧೋಳ ನಾಯಿಯೂ ಒಂದು. ಅದು ಎತ್ತರದ, ವಿಶಾಲ ಬಯಲು ಬೇಡುವ ನಾಯಿ. ಒಡನಾಟಕ್ಕೆ ಮಾತ್ರ ನಾಯಿ ಬೇಕೆನ್ನುವವರು ನಮ್ಮ ಊರ ನಾಯಿಯ ಮರಿಯನ್ನೂ ಪರಿಗಣಿಸಬಹುದು. ಸ್ಥಳೀಯ ಬಿಸಿಲಿಗೆ ಅದು ಹೊಂದಿಕೊಂಡಿದೆ, ಖರ್ಚು ಕಡಿಮೆ.

ಮರಿಯನ್ನು ಕೊಳ್ಳುವಾಗ

2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಆದ್ದರಿಂದ:

1. ನೋಂದಣಿ ಪತ್ರ, ಲಸಿಕೆ ಪುಸ್ತಕ, ಜಂತುನಾಶಕ ನೀಡಿದ ದಿನಾಂಕಗಳನ್ನು ಕೇಳಿ ಪಡೆಯಬೇಕು.
2. ತಾಯಿ ನಾಯಿಯನ್ನು ಕಣ್ಣಾರೆ ನೋಡಬೇಕು. ತಾಯಿ ಅಂಜುಬುರುಕಿ ಅಥವಾ ಕಚ್ಚುವ ಸ್ವಭಾವದ್ದಾಗಿದ್ದರೆ ಮರಿ ಬೇಡ.
3. ಮರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿ ಕಿವಿ ಪರೀಕ್ಷಿಸಬೇಕು. ಈ ತಳಿಯಲ್ಲಿ ಹುಟ್ಟು ಕಿವುಡು ಕಾಣಿಸಿಕೊಳ್ಳುವುದುಂಟು.
4. ಮಂಡಿಚಿಪ್ಪು ಜಾರುವಿಕೆ ಮತ್ತು ಕಣ್ಣಿನ ಮಸೂರ ಸ್ಥಾನ ತಪ್ಪುವಿಕೆ ಈ ತಳಿಯ ಆನುವಂಶಿಕ ತೊಂದರೆಗಳು. ಕೊಂಡ ವಾರದೊಳಗೆ ಪಶುವೈದ್ಯರಿಂದ ತಪಾಸಣೆ ಮಾಡಿಸಬೇಕು. ಬೆಳೆದ ನಾಯಿಯ ಕಣ್ಣು ಏಕಾಏಕಿ ಕೆಂಪಾಗಿ, ಮಂಜಾಗಿ ನೋಯತೊಡಗಿದರೆ ಅದೇ ದಿನ ಚಿಕಿತ್ಸೆ ಕೊಡಿಸಬೇಕು. ತಡವಾದರೆ ದೃಷ್ಟಿ ಹೋಗಬಹುದು.

ಆಹಾರ

ಬೆಳೆದ, ಚಟುವಟಿಕೆಯಿಂದಿರುವ 6 ಕಿ.ಗ್ರಾಂ. ತೂಕದ ನಾಯಿಗೆ ದಿನಕ್ಕೆ ಸುಮಾರು 430 ಕಿಲೋ ಕ್ಯಾಲೊರಿ ಶಕ್ತಿ ಸಾಕು. ಮನೆಯ ಅಡುಗೆಯಲ್ಲಿ ಇದನ್ನು ಒದಗಿಸಲು ಬೆಂದ ಅನ್ನ 150 ಗ್ರಾಂ, ಮೂಳೆಯಿಲ್ಲದ ಬೇಯಿಸಿದ ಕೋಳಿಮಾಂಸ 75 ಗ್ರಾಂ, ಬೇಯಿಸಿದ ಮೊಟ್ಟೆ ಒಂದು, ಮೊಸರು 50 ಗ್ರಾಂ ಹಾಗೂ ಸ್ವಲ್ಪ ಬೆಂದ ಗಜ್ಜರಿ ಅಥವಾ ಕುಂಬಳಕಾಯಿಯನ್ನು ಎರಡು ಹೊತ್ತಿಗೆ ಹಂಚಿ ಕೊಡಬಹುದು. ಇಂತಹ ಊಟದಲ್ಲಿ ಸುಣ್ಣದ ಅಂಶ ಕಡಿಮೆಯಾಗುವುದರಿಂದ ಪಶುವೈದ್ಯರು ಸೂಚಿಸಿದ ಖನಿಜ ಮಿಶ್ರಣ ಸೇರಿಸಬೇಕು. ಮೂರು ತಿಂಗಳವರೆಗಿನ ಮರಿಗೆ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳವರೆಗೆ ಮೂರು ಬಾರಿ ಆಹಾರ ನೀಡಬೇಕು.

ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷಕಾರಿ. ಕುರಿ-ಆಡು ಕಡಿದಾಗ ಹಸಿ ಶ್ವಾಸಕೋಶ, ಪಿತ್ತಜನಕಾಂಗ ಎಸೆಯುವ ರೂಢಿಯನ್ನು ಬಿಡಬೇಕು. ಅವುಗಳಲ್ಲಿನ ನೀರುಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಹೈಡಾಟಿಡ್ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳು ನಾಯಿಯ ಮಲದ ಮೂಲಕ ಮನುಷ್ಯರಿಗೂ ಹರಡುತ್ತವೆ.

ಇಲಿ ಪಾಷಾಣ: ಅತಿ ದೊಡ್ಡ ಅಪಾಯ

ಟೆರಿಯರ್ ಇಲಿ ಹಿಡಿಯುವುದು ನಿಜ. ಆದರೆ ಒಂದು ನಾಯಿಯಿಂದ ಹೊಲದ ಅಥವಾ ಉಗ್ರಾಣದ ಇಲಿಗಳ ಸಂಖ್ಯೆ ಹತೋಟಿಗೆ ಬರುವುದಿಲ್ಲ. ಹಾಗಾಗಿ ನಾಯಿ ಇದ್ದರೂ ರೈತರು ವಿಷದ ತಿನಿಸು ಇಡುವುದನ್ನು ಮುಂದುವರಿಸುತ್ತಾರೆ. ಅನಾಹುತ ಆಗುವುದು ಇಲ್ಲಿಯೇ. ನಮ್ಮ ಭಾಗದಲ್ಲಿ ಬಳಕೆಯಲ್ಲಿರುವ ಎರಡು ಬಗೆಯ ವಿಷಗಳು ನಾಯಿಯ ದೇಹದಲ್ಲಿ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತವೆ, ಎರಡಕ್ಕೂ ಬೇರೆ ಬೇರೆ ಕ್ರಮ ಬೇಕು.

ಜಿಂಕ್ ಫಾಸ್ಫೈಡ್: ಬೂದು-ಕಪ್ಪು ಬಣ್ಣದ ಪುಡಿ. ಜೋಳ ಅಥವಾ ಅಕ್ಕಿ ನುಚ್ಚಿಗೆ ಎಣ್ಣೆಯೊಂದಿಗೆ ಬೆರೆಸಿ ಬಿಲಗಳ ಬಳಿ ಇಡಲಾಗುತ್ತದೆ. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಎಂಬ ವಿಷಾನಿಲ ಹೊರಬರುತ್ತದೆ. ಸಾಮಾನ್ಯವಾಗಿ 15 ನಿಮಿಷದಿಂದ 4 ಗಂಟೆಯೊಳಗೆ ವಾಂತಿ, ಹೊಟ್ಟೆನೋವು, ಏದುಸಿರು, ನಡುಕ, ಸೆಳವು ಕಾಣಿಸುತ್ತವೆ. ಬಾಯಿಂದ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂತಹ ವಾಸನೆ ಬರಬಹುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ.

ವಿಷ ತಿಂದ ನಾಯಿಗೆ ಹಾಲು, ಮೊಸರು, ಅನ್ನ ಕೊಡುವ ರೂಢಿ ಹಳ್ಳಿಗಳಲ್ಲಿದೆ. ಜಿಂಕ್ ಫಾಸ್ಫೈಡ್ ತಿಂದಾಗ ಇದು ಹಾನಿಕರ. ಹೊಟ್ಟೆಗೆ ಆಹಾರ ಬಿದ್ದೊಡನೆ ಆಮ್ಲ ಹೆಚ್ಚು ಸ್ರವಿಸಿ, ವಿಷಾನಿಲವೂ ಹೆಚ್ಚುತ್ತದೆ. ಏನನ್ನೂ ತಿನ್ನಿಸದೆ ತಕ್ಷಣ ಪಶು ಆಸ್ಪತ್ರೆಗೆ ಕರೆದೊಯ್ಯಬೇಕು. ವಾಂತಿಯಿಂದ ಹೊರಬರುವ ಅನಿಲ ಮನುಷ್ಯರಿಗೂ ಅಪಾಯಕಾರಿ. ವಾಹನದ ಕಿಟಕಿಗಳನ್ನು ತೆರೆದಿಡಬೇಕು, ನಾಯಿಯ ಬಾಯಿಯ ಹತ್ತಿರ ಮುಖ ಒಯ್ಯಬಾರದು. ಧಾನ್ಯ ಸಂಗ್ರಹಣೆಯಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳಿಂದಲೂ ಇದೇ ಅನಿಲ ಬರುತ್ತದೆ. ಅಂತಹ ಕೋಣೆಯಲ್ಲಿ ಅಥವಾ ಅದಕ್ಕೆ ಹೊಂದಿದ ಕೋಣೆಯಲ್ಲಿ ನಾಯಿಯನ್ನಾಗಲಿ ಮನುಷ್ಯರನ್ನಾಗಲಿ ಮಲಗಿಸಬಾರದು.

ಬ್ರೊಮಾಡಿಯೋಲೋನ್: ಸಾಮಾನ್ಯವಾಗಿ ಬಿಲ್ಲೆಯ ರೂಪದಲ್ಲಿ ಸಿಗುವ ಈ ವಿಷ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ತಿಂದ ದಿನ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ. ಮೂರರಿಂದ ಐದು ದಿನಗಳ ನಂತರ ಮಂಕು, ಬಿಳಿಚಿದ ಒಸಡು, ಮೂಗಿನಿಂದ ರಕ್ತ, ಕಪ್ಪು ಮಲ, ಉಸಿರಾಟದ ತೊಂದರೆ ತೋರುತ್ತವೆ. ಬಿಲ್ಲೆಯನ್ನು ನೇರವಾಗಿ ತಿಂದಾಗ ಮಾತ್ರವಲ್ಲ, ವಿಷ ತಿಂದ ಇಲಿಗಳನ್ನು ತಿಂದಾಗಲೂ ನಾಯಿಗೆ ಅಪಾಯವಿದೆ. ಸಮಾಧಾನದ ಸಂಗತಿಯೆಂದರೆ ವಿಟಮಿನ್ ಕೆ1 ಇದಕ್ಕೆ ಪರಿಣಾಮಕಾರಿ ಔಷಧ. ಆದರೆ ಅದನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ನಾಯಿ ಚೇತರಿಸಿಕೊಂಡಂತೆ ಕಂಡ ಮಾತ್ರಕ್ಕೆ ಚಿಕಿತ್ಸೆ ನಿಲ್ಲಿಸಬಾರದು.

ಅನುಸರಿಸಬೇಕಾದ ಕ್ರಮಗಳು:

• ನಾಯಿ ತಿರುಗಾಡುವ ಮನೆ, ಕೊಟ್ಟಿಗೆ, ಉಗ್ರಾಣಗಳಲ್ಲಿ ವಿಷದ ಬದಲು ಬೋನು ಬಳಸಬೇಕು. ಚೀಲಗಳನ್ನು ಗೋಡೆಯಿಂದ ದೂರ, ಮರದ ಹಲಗೆಯ ಮೇಲೆ ಜೋಡಿಸಬೇಕು. ಬಾಗಿಲ ಅಡಿಗೆ ತಗಡಿನ ಪಟ್ಟಿ ಹೊಡೆಯಬೇಕು.
• ಹೊಲದಲ್ಲಿ ವಿಷ ಇಡಲೇಬೇಕಾದರೆ ಬಿಲದ ಒಳಕ್ಕೆ ಹಾಕಿ ಬಾಯಿ ಮುಚ್ಚಬೇಕು. ಅಗೆಯುವ ನಾಯಿಗೆ ಮುಚ್ಚಿದ ಬಿಲವೂ ಅಡ್ಡಿಯಲ್ಲ. ಆದ್ದರಿಂದ ಕಾರ್ಯಾಚರಣೆ ಮುಗಿದು, ಉಳಿದ ತಿನಿಸು ಮತ್ತು ಸತ್ತ ಇಲಿಗಳನ್ನು ಆರಿಸಿ ಆಳವಾಗಿ ಹೂಳುವವರೆಗೆ ನಾಯಿಯನ್ನು ಹೊಲಕ್ಕೆ ಬಿಡಬಾರದು.
• ನೆರೆಹೊರೆಯವರು ವಿಷ ಇಡುವ ದಿನವನ್ನು ಮೊದಲೇ ಕೇಳಿ ತಿಳಿಯಬೇಕು.
• ವಿಷದ ಪೊಟ್ಟಣವನ್ನು ಎಸೆಯದೆ ಜೋಪಾನವಾಗಿಡಬೇಕು. ಯಾವ ವಿಷವೆಂದು ತಿಳಿದರೆ ಪಶುವೈದ್ಯರ ಅರ್ಧ ಕೆಲಸ ಮುಗಿದಂತೆ.

ಹಾವು ಕಡಿತ

ಹಾವನ್ನು ಕಂಡರೆ ಹಿಂಜರಿಯದೆ ಮೈಮೇಲೆ ಬೀಳುವುದು ಟೆರಿಯರ್‌ನ ಸ್ವಭಾವ. ಹೀಗಾಗಿ ಕಡಿತ ಹೆಚ್ಚಾಗಿ ಮೂತಿ ಮತ್ತು ಮುಂಗಾಲುಗಳ ಮೇಲೆ ಆಗುತ್ತದೆ. ಕೊಳಕು ಮಂಡಲ ಮತ್ತು ಗರಗಸ ಮಂಡಲ ಕಡಿದರೆ ಊತ, ನೋವು, ರಕ್ತಸ್ರಾವ ಕಾಣುತ್ತವೆ. ನಾಗರಹಾವು ಮತ್ತು ಕಟ್ಟುಹಾವು ಕಡಿದರೆ ಜೊಲ್ಲು ಸುರಿಯುವಿಕೆ, ಕಾಲು ಸೋಲುವಿಕೆ, ಉಸಿರಾಟದ ತೊಂದರೆ ಮುಖ್ಯ. ಕಟ್ಟುಹಾವು ರಾತ್ರಿ ಸಂಚರಿಸುವಂಥದ್ದು, ಅದರ ಕಡಿತದಲ್ಲಿ ಊತ ಅಷ್ಟಾಗಿ ಇರದು.

ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧ ಕುಡಿಸುವುದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು, ಕಡಿತದ ವೇಳೆಯನ್ನು ಗುರುತಿಟ್ಟುಕೊಂಡು ಪಶು ಆಸ್ಪತ್ರೆಗೆ ತಲುಪಿಸಬೇಕು. ನಮ್ಮ ದೇಶದಲ್ಲಿ ತಯಾರಾಗುವ ಬಹುವಿಧ ಸರ್ಪವಿಷ ನಿರೋಧಕವು ಈ ನಾಲ್ಕೂ ಹಾವುಗಳ ವಿಷದ ಮೇಲೆ ಕೆಲಸ ಮಾಡುತ್ತದೆ. ಹೊರಡುವ ಮುನ್ನ ಔಷಧ ಲಭ್ಯವಿದೆಯೇ ಎಂದು ದೂರವಾಣಿಯಲ್ಲಿ ವಿಚಾರಿಸಿದರೆ ಅಮೂಲ್ಯ ಸಮಯ ಉಳಿಯುತ್ತದೆ. ಬೀದರದ ನಂದಿನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಭಾಲ್ಕಿ, ಔರಾದ ಭಾಗದವರು ತಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯ ಮತ್ತು ಮಹಾವಿದ್ಯಾಲಯದ ಚಿಕಿತ್ಸಾಲಯದ ಸಂಖ್ಯೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳಿತು.

ಬೇಸಿಗೆಯ ಆರೈಕೆ

ಏಪ್ರಿಲ್-ಮೇ ತಿಂಗಳುಗಳಲ್ಲಿ ಬೀದರ ಭಾಗದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಆಟದ ಹುಮ್ಮಸ್ಸಿನಲ್ಲಿ ಈ ನಾಯಿಗೆ ದಣಿವಿನ ಪರಿವೆ ಇರುವುದಿಲ್ಲ. ನಡಿಗೆಯನ್ನು ಸೂರ್ಯೋದಯಕ್ಕೆ ಮುನ್ನ ಮತ್ತು ಕತ್ತಲಾದ ಮೇಲೆ ಇಟ್ಟುಕೊಳ್ಳಬೇಕು. ತಗಡಿನ ಶೆಡ್ಡಿನಲ್ಲಿ, ನಿಲ್ಲಿಸಿದ ವಾಹನದಲ್ಲಿ ನಾಯಿಯನ್ನು ಬಿಡಬಾರದು. ದಿನವಿಡೀ ನೆರಳು ಮತ್ತು ತಂಪು ನೀರು ಇರಬೇಕು.

ನಾಯಿಯ ಸಹಜ ದೇಹೋಷ್ಣ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ಡಿಗ್ರಿ ದಾಟಿದರೆ ಪ್ರಾಣಾಪಾಯ. ವಿಪರೀತ ಏದುಸಿರು, ಕಡುಗೆಂಪು ನಾಲಿಗೆ, ತೂರಾಟ ಕಂಡರೆ ನೆರಳಿಗೆ ತಂದು, ಸಾಧಾರಣ ತಂಪಿನ ನೀರನ್ನು ಮೈಮೇಲೆ ಸುರಿದು ಗಾಳಿ ಹಾಕಬೇಕು. ಮಂಜುಗಡ್ಡೆಯಲ್ಲಿ ಮುಳುಗಿಸಬಾರದು. ಚೇತರಿಸಿಕೊಂಡಂತೆ ಕಂಡರೂ ಪಶುವೈದ್ಯರಿಗೆ ತೋರಿಸಬೇಕು.

ಉಣ್ಣಿ ಮತ್ತು ಉಣ್ಣಿಜ್ವರ

ನಾಯಿಯ ಕಂದು ಉಣ್ಣಿಯು ತನ್ನ ಜೀವನದ ಹೆಚ್ಚಿನ ಭಾಗವನ್ನು ನಾಯಿಯ ಮೈಮೇಲೆ ಕಳೆಯದೆ, ಗೋಡೆಯ ಸಂದು, ಹಾಸುಗಲ್ಲಿನ ಬಿರುಕುಗಳಲ್ಲಿ ಕಳೆಯುತ್ತದೆ. ನಾಯಿಗೆ ಮಾತ್ರ ಔಷಧ ಹಾಕಿ, ಗೂಡಿನ ಸಂದುಗಳನ್ನು ಬಿಟ್ಟರೆ ಉಣ್ಣಿ ಮರಳಿ ಬರುತ್ತದೆ. ಈ ಉಣ್ಣಿಗಳು ಎರ್ಲಿಕಿಯಾ, ಬೆಬೀಸಿಯಾ ಎಂಬ ರಕ್ತರೋಗಗಳನ್ನು ಹರಡುತ್ತವೆ. ಜ್ವರ, ಊಟ ಬಿಡುವುದು, ಬಿಳಿಚಿದ ಒಸಡು, ಮೂಗಿನ ರಕ್ತ, ಕಾಫಿ ಬಣ್ಣದ ಮೂತ್ರ ಇದರ ಲಕ್ಷಣಗಳು. ಮೂಗಿನ ರಕ್ತ ಇಲಿ ಪಾಷಾಣದಲ್ಲೂ ಬರುವುದರಿಂದ ರಕ್ತ ಪರೀಕ್ಷೆ ಅಗತ್ಯ.

ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಗೆ ಹಚ್ಚಬಾರದು. ಹಸು, ಎಮ್ಮೆಗಳಿಗೆ ತಂದ ಉಣ್ಣಿ ಔಷಧವನ್ನು ಅಂದಾಜಿನ ಮೇಲೆ 6 ಕಿ.ಗ್ರಾಂ. ನಾಯಿಗೆ ಬಳಸುವುದೂ ಅಪಾಯ. ಜ್ವರಕ್ಕೆಂದು ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ಕೊಡಬಾರದು.

ಲಸಿಕೆ ಮತ್ತು ಜಂತುನಾಶಕ ವೇಳಾಪಟ್ಟಿ

• 2 ವಾರದಿಂದ: ಪ್ರತಿ ಎರಡು ವಾರಕ್ಕೊಮ್ಮೆ ಜಂತುನಾಶಕ. 3 ತಿಂಗಳ ನಂತರ ತಿಂಗಳಿಗೊಮ್ಮೆ, 6 ತಿಂಗಳ ನಂತರ ಮೂರು ತಿಂಗಳಿಗೊಮ್ಮೆ.
• 6ರಿಂದ 8 ವಾರ: ಡಿಸ್ಟೆಂಪರ್, ಪಾರ್ವೋ, ಹೆಪಟೈಟಿಸ್ ಮೊದಲಾದವುಗಳ ವಿರುದ್ಧ ಸಂಯುಕ್ತ ಲಸಿಕೆ. ಬಳಿಕ 3-4 ವಾರಗಳ ಅಂತರದಲ್ಲಿ 16 ವಾರದವರೆಗೆ ಮರುಲಸಿಕೆ.
• 3 ತಿಂಗಳು: ರೇಬೀಸ್ ಲಸಿಕೆ. ಒಂದು ತಿಂಗಳ ನಂತರ ವರ್ಧಕ ಲಸಿಕೆ, ಆಮೇಲೆ ಪ್ರತಿ ವರ್ಷ.
• ಇಲಿ ಹಿಡಿಯುವ ನಾಯಿಗೆ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್ ವಿರುದ್ಧದ ಲಸಿಕೆಯನ್ನು ಪ್ರತಿ ವರ್ಷ ತಪ್ಪಿಸಬಾರದು. ಸೋಂಕಿತ ನಾಯಿಯ ಮೂತ್ರದಿಂದ ಈ ರೋಗ ಮನುಷ್ಯರಿಗೂ ಬರುತ್ತದೆ.

ನಾಯಿ ಕಚ್ಚಿದಾಗ

ಚಿಕ್ಕ ನಾಯಿ, ಚಿಕ್ಕ ಗಾಯ ಎಂಬ ಉದಾಸೀನ ಸಲ್ಲದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ. ಮನುಷ್ಯರಲ್ಲಿ ರೇಬೀಸನ್ನು ಕರ್ನಾಟಕ ಸರ್ಕಾರ 2022ರಲ್ಲಿ ಅಧಿಸೂಚಿತ ರೋಗವೆಂದು ಘೋಷಿಸಿದೆ. ಕಚ್ಚಿದ ಅಥವಾ ಪರಚಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಖಾರದ ಪುಡಿ, ಸುಣ್ಣ, ಅರಿಶಿನ ಹಚ್ಚಬಾರದು. ತಡಮಾಡದೆ ಭಾಲ್ಕಿ, ಔರಾದದ ತಾಲ್ಲೂಕು ಆಸ್ಪತ್ರೆ ಅಥವಾ ಬೀದರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ನೀಡುವ ಲಸಿಕೆಯನ್ನು 0, 3, 7 ಮತ್ತು 28ನೇ ದಿನಗಳಂದು ಪೂರ್ಣಗೊಳಿಸಬೇಕು. ಗಾಯ ಆಳವಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಮನೆಯ ನಾಯಿ ಲಸಿಕೆ ಪಡೆದಿದ್ದರೂ ವೈದ್ಯರನ್ನು ಕಾಣಬೇಕು, ನಾಯಿಯನ್ನು 10 ದಿನ ಕಟ್ಟಿ ಗಮನಿಸಬೇಕು.

ತರಬೇತಿ

ಮೂರರಿಂದ ಹದಿನಾಲ್ಕು ವಾರಗಳ ವಯಸ್ಸು ಮರಿಯ ಕಲಿಕೆಯ ಕಾಲ. ಈ ಅವಧಿಯಲ್ಲಿ ಮಕ್ಕಳು, ದನಕರು, ಟ್ರ್ಯಾಕ್ಟರ್ ಸದ್ದುಗಳನ್ನು ನಿಧಾನವಾಗಿ ಪರಿಚಯಿಸಬೇಕು. ಲಸಿಕೆ ಪೂರ್ಣವಾಗುವವರೆಗೆ ಬೀದಿ ನಾಯಿಗಳ ಸಂಪರ್ಕ ಬೇಡ. ಕರೆದೊಡನೆ ಬರುವುದು ಮತ್ತು ‘ಬಿಡು’ ಎಂದಾಗ ಬಾಯಲ್ಲಿರುವುದನ್ನು ಬಿಡುವುದು, ಈ ಎರಡು ಪಾಠಗಳೇ ಮುಖ್ಯ. ವಿಷ ತಿಂದ ಇಲಿಯನ್ನು ಕಚ್ಚಿದ ಗಳಿಗೆಯಲ್ಲಿ ಪ್ರಾಣ ಉಳಿಸುವುದು ಎರಡನೆಯ ಪಾಠ. ತಿನಿಸು ಮತ್ತು ಮೆಚ್ಚುಗೆಯಿಂದ ಕಲಿಸಬೇಕು, ಹೊಡೆತದಿಂದ ಟೆರಿಯರ್ ಮತ್ತಷ್ಟು ಹಟಮಾರಿಯಾಗುತ್ತದೆ. ಕೊಟ್ಟಿಗೆಯಲ್ಲಿ ಕರುಗಳ ಹಿಂಗಾಲು ಕಚ್ಚುವ, ದೇವಣಿ ಎತ್ತುಗಳ ಕಾಲ್ಗೆ ಅಡ್ಡ ಬರುವ ಅಭ್ಯಾಸವನ್ನು ಮರಿಯಿದ್ದಾಗಲೇ ಬಿಡಿಸಬೇಕು. ಮರಿ ಮಾಡಿಸುವ ಉದ್ದೇಶವಿಲ್ಲದಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರ ಸಲಹೆ ಪಡೆಯಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ನಾಯಿ ಕೊಳ್ಳುವ ಬಗ್ಗೆ ಸಲಹೆ ಕೇಳಿ ಬಂದ ಕುಟುಂಬಕ್ಕೆ ಈ ಐದು ಪ್ರಶ್ನೆಗಳನ್ನು ಹಾಕುವುದು ಉಪಯುಕ್ತ:

1. ಮನೆಯಲ್ಲಿ ಅಥವಾ ಹೊಲದಲ್ಲಿ ಯಾವ ಇಲಿ ಪಾಷಾಣ ಬಳಸುತ್ತೀರಿ? ಅದನ್ನು ಎಲ್ಲಿ ಇಡುತ್ತೀರಿ?
2. ದಿನಕ್ಕೆ ಒಂದು ಗಂಟೆ ನಾಯಿಯೊಡನೆ ಯಾರು ನಡೆಯುತ್ತಾರೆ?
3. ಬೇಸಿಗೆಯ ಮಧ್ಯಾಹ್ನ ನಾಯಿ ಎಲ್ಲಿ ಮಲಗುತ್ತದೆ?
4. ಪ್ರತಿ ವರ್ಷದ ಲಸಿಕೆಯ ದಿನವನ್ನು ಯಾರು ನೆನಪಿಡುತ್ತಾರೆ?
5. ಮುಂದಿನ 13 ವರ್ಷ ಇದರ ಹೊಣೆ ಯಾರದು?

ಸೋಯಾ ಅವರೆ, ತೊಗರಿ ಕಟಾವಿನ ಸುಗ್ಗಿಯಲ್ಲಿ ಇಲಿ ನಿಯಂತ್ರಣದ ಸಭೆ ನಡೆಸುವಾಗ ಸಾಕು ಪ್ರಾಣಿಗಳ ರಕ್ಷಣೆಯ ವಿಷಯವನ್ನೂ ಸೇರಿಸಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನವನ್ನು ಗ್ರಾಮದ ಎಲ್ಲ ನಾಯಿಗಳ ಲಸಿಕೆಗೆ ಸದುಪಯೋಗಪಡಿಸಿಕೊಳ್ಳಬಹುದು.

ಜ್ಯಾಕ್ ರಸೆಲ್ ಟೆರಿಯರ್ ತನ್ನ ಸ್ವಭಾವವನ್ನು ಬದಲಿಸಿಕೊಳ್ಳುವುದಿಲ್ಲ. ಬದಲಾಗಬೇಕಾದದ್ದು ವಿಷ ಇಡುವ ಜಾಗ, ನಡಿಗೆಯ ಹೊತ್ತು, ಮನೆಯವರ ಎಚ್ಚರ. ಇಷ್ಟನ್ನು ಮಾಡಬಲ್ಲ ಕುಟುಂಬಕ್ಕೆ ಈ ಸಣ್ಣ ನಾಯಿ ದೀರ್ಘಕಾಲದ ನೆಚ್ಚಿನ ಸಂಗಾತಿಯಾಗಬಲ್ಲದು. ಇಷ್ಟು ಸಾಧ್ಯವಿಲ್ಲವೆನಿಸಿದರೆ ಕೊಳ್ಳದಿರುವುದೇ ನಾಯಿಗೂ ಮನೆಗೂ ಕ್ಷೇಮ.